ಚಾಕು ಕೊಳ್ಳೋ ಮುಂಚೆ ಹಿಡಿಯೊಳಗೆ ನೋಡಿ

ಕಳೆದ ಡಿಸೆಂಬರ್‌ನಲ್ಲಿ ನಾವು ಐದು ಜನ ಸಂಡೂರಿನ ಹತ್ತಿರ ಗೆಳೆಯನೊಬ್ಬನ ಹೊಲದಲ್ಲಿ ಟೆಂಟ್ ಹಾಕಿದ್ವಿ. ನಮ್ಮಲ್ಲೊಬ್ಬ ಆನ್‌ಲೈನ್‌ನಲ್ಲಿ ತರಿಸಿದ ದೊಡ್ಡ ಚಾಕು ತಂದಿದ್ದ. ಬೆನ್ನ ಮೇಲೆ ಗರಗಸದ ಹಲ್ಲು, ಹಿಡಿಯ ತುದಿಯಲ್ಲಿ ದಿಕ್ಸೂಚಿ, ಹಿಡಿಯೊಳಗೆ ಬೆಂಕಿಕಡ್ಡಿ ಮತ್ತು ಮೀನಿನ ಗಾಳ. ನೋಡೋಕೆ ಥೇಟ್ ಸಿನಿಮಾ ಚಾಕು. ರಾತ್ರಿ ಜಾಲಿ ಕಟ್ಟಿಗೆ ಸೀಳೋಕೆ ಅಂತ ಅದನ್ನ ಕಟ್ಟಿಗೆಯ ಮೇಲಿಟ್ಟು ಬೆನ್ನಿಗೆ ಇನ್ನೊಂದು ಕಟ್ಟಿಗೆಯಿಂದ ಹೊಡೆದ. ನಾಲ್ಕನೇ ಏಟಿಗೆ ಅಲಗು ಹಿಡಿಯ ಬುಡದಲ್ಲಿ ಮುರೀತು, ಕೈ ಜಾರಿ ಅಲಗಿನ ಮೇಲೆ ಹೋಯ್ತು. ಬೈಕಿನ ಮೇಲೆ ಕೂರಿಸಿಕೊಂಡು ಊರಿಗೆ ಬಂದು ಆರು ಹೊಲಿಗೆ ಹಾಕಿಸಿದ್ವಿ. ಅವನ ತೋರುಬೆರಳು ಇವತ್ತಿಗೂ ಪೂರ್ತಿ ಮಡಚಲ್ಲ.

ಮಾರನೇ ದಿನ ಮುರಿದ ತುಂಡುಗಳನ್ನ ನೋಡಿದಾಗ ಗೊತ್ತಾಯ್ತು: ಅಷ್ಟುದ್ದದ ಅಲಗು ಹಿಡಿಯೊಳಗೆ ಹೋಗಿದ್ದು ಹೆಬ್ಬೆರಳಿನ ಅಗಲದಷ್ಟು ಮಾತ್ರ. ಉಳಿದದ್ದೆಲ್ಲ ಟೊಳ್ಳು. ನಾವೆಲ್ಲ ಎಂಜಿನಿಯರಿಂಗ್ ಓದ್ತಿರೋರು, ಒಬ್ಬರೂ ಅದನ್ನ ಮೊದಲು ನೋಡಿರಲಿಲ್ಲ. ಚಾಕುವಿನ ಗುಣ ಇರೋದು ಎರಡು ಕಾಣದ ಜಾಗಗಳಲ್ಲಿ: ಹಿಡಿಯೊಳಗಿನ ಬಾಲದಲ್ಲಿ, ಮತ್ತು ಉಕ್ಕಿನ ಹದದಲ್ಲಿ. ಕೊಳ್ಳೋ ಮುಂಚೆ ಅವೆರಡನ್ನ ಹೇಗೆ ಪರೀಕ್ಷಿಸೋದು ಅನ್ನೋದೇ ಈ ಲೇಖನ.

ಬಾಲ ಎಷ್ಟುದ್ದ?

ಮಡಚುವ ಚಾಕು ಜೇಬಿಗೆ ಅನುಕೂಲ, ಆದರೆ ಅದರ ಕೀಲೇ ಅದರ ದುರ್ಬಲ ಜಾಗ. ಕಟ್ಟಿಗೆ ಕೆಲಸಕ್ಕೆ ಮಡಚದ, ಅಂದ್ರೆ ಫಿಕ್ಸೆಡ್ ಬ್ಲೇಡ್ ಚಾಕು ಬೇಕು. ಅಲಗು ಹಿಡಿಯೊಳಗೆ ಮುಂದುವರಿಯುವ ಭಾಗವೇ ಬಾಲ, ಇಂಗ್ಲಿಷಿನ ಟ್ಯಾಂಗ್. ಅದು ಹಿಡಿಯಷ್ಟೇ ಅಗಲ, ಹಿಡಿಯಷ್ಟೇ ಉದ್ದ ಇದ್ದರೆ ಫುಲ್ ಟ್ಯಾಂಗ್. ಹಿಡಿಯ ಎರಡು ಮರದ ಪಟ್ಟಿಗಳ ನಡುವೆ ಸುತ್ತಲೂ ಲೋಹದ ಗೆರೆ ಕಂಡರೆ ಅದು ಫುಲ್ ಟ್ಯಾಂಗ್ ಅಂತ ತಿಳೀರಿ.

ಕ್ಯಾಂಟಿಲಿವರ್ ಬೀಮ್ ಲೆಕ್ಕ ನೆನಪಿದೆಯಲ್ಲ? ತುದಿಯಲ್ಲಿ ಭಾರ ಬಿದ್ದರೆ ಗರಿಷ್ಠ ಬೆಂಡಿಂಗ್ ಮೊಮೆಂಟ್ ಬುಡದಲ್ಲಿ. ಚಾಕುವಿನ ಬುಡ ಅಂದ್ರೆ ಅಲಗು ಮತ್ತು ಬಾಲ ಸೇರುವ ಜಾಗ. ಅಲ್ಲೇ ಬಾಲವನ್ನ ಒಮ್ಮೆಲೇ ಸಣ್ಣ ಮಾಡಿ, ಮೂಲೆಯನ್ನ ಚೂಪಾಗಿ ಬಿಟ್ಟರೆ ಸ್ಟ್ರೆಸ್ ಕಾನ್ಸಂಟ್ರೇಶನ್ ಗ್ಯಾರಂಟಿ. ನಮ್ಮ ಗೆಳೆಯನ ಚಾಕು ಮುರಿದದ್ದು ಅದೇ ಮೂಲೆಯಲ್ಲಿ.

ಹಾಗಂತ ಫುಲ್ ಟ್ಯಾಂಗ್ ಇಲ್ಲದ್ದೆಲ್ಲ ಕಸ ಅಲ್ಲ. ಸ್ವೀಡನ್ನಿನ ಮೋರಾ ಕಂಪ್ಯಾನಿಯನ್ ಚಾಕುವಿನ ಬಾಲ ಹಿಡಿಯ ಕೊನೆವರೆಗೂ ಹೋಗಲ್ಲ, ಅಲಗಿನ ದಪ್ಪ 2.5 ಮಿಮೀ ಮಾತ್ರ. ಆದರೂ ಕೆತ್ತೋ ಕೆಲಸಕ್ಕೆ ಪ್ರಪಂಚದಾದ್ಯಂತ ಜನ ಅದನ್ನ ನಂಬ್ತಾರೆ. ಬಾಲ ಚಿಕ್ಕದಾದರೂ ಅಗಲವಾಗಿದೆ, ಹಿಡಿ ಅದನ್ನ ಬಿಗಿಯಾಗಿ ಕಚ್ಚಿಕೊಂಡಿದೆ. ಟೊಳ್ಳು ಹಿಡಿಯ ಚಾಕುವಿನಲ್ಲಿ ಇವೆರಡೂ ಇರಲ್ಲ.

ಎಷ್ಟು ದಪ್ಪ, ಎಷ್ಟು ಉದ್ದ?

ದಪ್ಪ 3 ಮಿಮೀ ಬದಲು 4 ಮಿಮೀ ಆದರೆ ಬಾಗುವಿಕೆ ತಡೆಯುವ ಬಿಗಿತ ಸುಮಾರು 2.4 ಪಟ್ಟು ಹೆಚ್ಚುತ್ತೆ, ಯಾಕಂದ್ರೆ ಅದು ದಪ್ಪದ ಘನಕ್ಕೆ ಅನುಪಾತ. ಆದರೆ ದಪ್ಪ ಅಲಗು ಈರುಳ್ಳಿ ಹೆಚ್ಚಲ್ಲ, ಸೀಳುತ್ತೆ. ಅಡುಗೆ, ಹಗ್ಗ, ಗೂಟ ಚೂಪು ಮಾಡೋದು, ಬೆಂಕಿಗೆ ಸಿಬಿರು ಎಬ್ಬಿಸೋದು, ಕ್ಯಾಂಪಿನಲ್ಲಿ ನಾವು ಮಾಡೋ ಕೆಲಸ ಇಷ್ಟೇ ಅಲ್ವಾ? ಇದಕ್ಕೆ ನಾಲ್ಕರಿಂದ ಐದು ಇಂಚಿನ ಅಲಗು, 3 ಮಿಮೀ ಆಸುಪಾಸಿನ ದಪ್ಪ ಸಾಕು. ಬೆನ್ನಿನ ಗರಗಸ ಬೇಡ. ಅದು ಮರ ಕೊಯ್ಯಲ್ಲ, ಬೆನ್ನಿನ ಮೇಲೆ ಹೆಬ್ಬೆರಳಿಡೋಕೂ ಬಿಡಲ್ಲ.

ನಮ್ಮ ಕಡೆಯ ಕಟ್ಟಿಗೆ ಬೇರೆ. ವಿದೇಶಿ ವಿಡಿಯೋಗಳಲ್ಲಿ ಸೀಳೋದು ನೆಟ್ಟಗಿನ, ಮೆತ್ತನೆಯ ಪೈನ್ ಮರ. ಇಲ್ಲಿ ಸಿಗೋದು ಬಳ್ಳಾರಿ ಜಾಲಿ: ಗಟ್ಟಿ, ತಿರುಚಿದ ನಾರು, ತುಂಬ ಗಂಟು. ಅದನ್ನ ಚಾಕು ಇಟ್ಟು ಹೊಡೆದು ಸೀಳೋಕೆ ಹೋಗಬೇಡಿ. ಮಡಚುವ ಸಣ್ಣ ಗರಗಸ ಒಂದು ಬ್ಯಾಗಿನಲ್ಲಿರಲಿ, ಚಾಕು ಕೆತ್ತೋ ಕೆಲಸಕ್ಕಷ್ಟೇ ಇರಲಿ.

ಉಕ್ಕು ಮತ್ತು ಹದ

ಸಂಡೂರಿನ ಗುಡ್ಡಗಳ ತುಂಬ ಹೆಮಟೈಟ್ ಅದಿರು. ತೋರಣಗಲ್ಲಿನಲ್ಲಿ ದೇಶದ ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲೊಂದು ಇದೆ. ಒಂದು ಕಾಲಕ್ಕೆ ಜಗತ್ತಿನಲ್ಲೆಲ್ಲ ಹೆಸರು ಮಾಡಿದ್ದ ವೂಟ್ಜ್ ಉಕ್ಕಿನ ಹೆಸರೇ ನಮ್ಮ ‘ಉಕ್ಕು’ ಪದದಿಂದ ಬಂದದ್ದು ಅಂತ ಬಹಳ ವಿದ್ವಾಂಸರು ಒಪ್ತಾರೆ. ಆದರೆ ಅದಿರು ಎಷ್ಟೇ ಒಳ್ಳೇದಿರಲಿ, ಚಾಕುವಿನ ಬಾಯಿ ನಿಲ್ಲೋದು ಇಂಗಾಲ ಮತ್ತು ಹದದ ಮೇಲೆ. ಕಟ್ಟಡದ ಟಿಎಂಟಿ ಸರಳಿನಲ್ಲಿ ಇಂಗಾಲ ಶೇ. 0.3 ಮೀರಲ್ಲ, ಹಾಗಾಗಿ ಅದರಿಂದ ಮಾಡಿದ ಚಾಕುವಿಗೆ ಎಷ್ಟು ನೀರು ಕುಡಿಸಿದರೂ ಬೇಕಾದಷ್ಟು ಗಟ್ಟಿ ಆಗಲ್ಲ. ಲಾರಿಯ ಕಮಾನು ಪಟ್ಟಿಯಲ್ಲಿ ಇಂಗಾಲ ಶೇ. 0.5ರಿಂದ 0.6. ಅದಕ್ಕೇ ನಮ್ಮ ಕಮ್ಮಾರರು ಮಚ್ಚಿಗೆ, ಕೊಡಲಿಗೆ ಹಳೇ ಕಮಾನು ಪಟ್ಟಿ ಹುಡುಕೋದು.

ಈ ಘಟನೆ ಆದಮೇಲೆ ನಾವು ಕಂಪ್ಲಿ ಕಡೆ ಕಬ್ಬು ಕಡಿಯೋರಿಗೆ ಮಚ್ಚು ಮಾಡಿಕೊಡೋ ಒಂದು ಕುಲುಮೆಗೆ ಹೋದ್ವಿ. ಮುರಿದ ಅಲಗನ್ನ ಅಜ್ಜ ಕೈಯಲ್ಲಿ ಹಿಡಿದು, ಅರದಿಂದ ಒಮ್ಮೆ ಉಜ್ಜಿ ಹೇಳಿದ್ರು: “ತಮ್ಮಾ, ಇದ್ಕ ಹದಾನ ಇಲ್ಲ. ತೋರಿಸಾಕ ಅಷ್ಟ ಮಾಡ್ಯಾರ.”

ಮೆಟೀರಿಯಲ್ ಸೈನ್ಸ್ ಲ್ಯಾಬಿನಲ್ಲಿ ನಾವು ಗ್ರಾಫ್ ಹಾಕಿದ್ದನ್ನ ಅವರು ಕಣ್ಣಿನಿಂದ ಮಾಡ್ತಾರೆ. ಉಕ್ಕು ಕೆಂಪಗೆ ಕಾದು ಸುಮಾರು 770 ಡಿಗ್ರಿಗೆ ಬಂದಾಗ ಅಯಸ್ಕಾಂತ ಅಂಟಲ್ಲ. ಅದಕ್ಕಿಂತ ಸ್ವಲ್ಪ ಮೇಲೆ ಕಾಯಿಸಿ ಎಣ್ಣೆಗೆ ಅದ್ದಿದರೆ ಮಾರ್ಟೆನ್ಸೈಟ್ ಆಗುತ್ತೆ, ಗಾಜಿನ ಹಾಗೆ ಗಟ್ಟಿ, ಗಾಜಿನ ಹಾಗೆ ಬಿರುಸು. ಮತ್ತೆ ಸುಮಾರು 200 ಡಿಗ್ರಿಗೆ ನಿಧಾನವಾಗಿ ಕಾಯಿಸಿದರೆ ಬಿರುಸು ಇಳಿದು ತಾಳಿಕೆ ಬರುತ್ತೆ. ಆಗ ಉಜ್ಜಿದ ಅಲಗಿನ ಮೇಲೆ ಒಣಹುಲ್ಲಿನ ಬಣ್ಣ ಕಾಣುತ್ತೆ. ಈ ಎರಡನೇ ಹೆಜ್ಜೆ ಬಿಟ್ಟರೆ ಚಾಕು ಮುರಿಯುತ್ತೆ, ಮೊದಲನೇದು ಬಿಟ್ಟರೆ ಬಾಗುತ್ತೆ.

ಕೊಳ್ಳುವಾಗ ಅಲಗಿನ ಅಂಚಿನ ಹತ್ತಿರ, ಮಾರೋರ ಅನುಮತಿ ಕೇಳಿ, ಸಣ್ಣ ಅರ ಒಂದೆರಡು ಸಲ ಆಡಿಸಿ ನೋಡಿ. ಹದ ಇದ್ದರೆ ಅರ ಜಾರುತ್ತಾ ಅಲ್ಪಸ್ವಲ್ಪ ಕಚ್ಚುತ್ತೆ. ಹದ ಇಲ್ಲದಿದ್ದರೆ ಸಲೀಸಾಗಿ ತಿಂದುಬಿಡುತ್ತೆ. ಆನ್‌ಲೈನ್‌ನಲ್ಲಿ ಕೊಳ್ಳೋದಾದ್ರೆ ಉಕ್ಕಿನ ಗ್ರೇಡ್ ಮತ್ತು ಗಟ್ಟಿತನದ ಎಚ್‌ಆರ್‌ಸಿ ಅಂಕಿ ನೋಡಿ, 56ರಿಂದ 59ರ ನಡುವೆ ಇದ್ದರೆ ಕ್ಯಾಂಪಿಗೆ ಸರಿ. ಬರೀ ‘ಸ್ಟೇನ್‌ಲೆಸ್ ಸ್ಟೀಲ್’ ಅಂತ ಬರೆದು ಗ್ರೇಡ್ ಹೇಳದಿದ್ದರೆ ಬಿಟ್ಟುಬಿಡಿ.

ಕಾರ್ಬನ್ ಉಕ್ಕಿಗೆ ತುಕ್ಕು ಹಿಡಿಯುತ್ತೆ, ನಿಂಬೆ, ಹುಣಸೆ ತಾಗಿದರೆ ಕಪ್ಪಾಗುತ್ತೆ. ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ, ಆಯ್ತು. ಅಷ್ಟೂ ಸೋಮಾರಿತನ ಇದ್ದರೆ ಸ್ಟೇನ್‌ಲೆಸ್ ತಗೊಳ್ಳಿ. ಸಾಣೆ ಕಲ್ಲು ಮರೆತರೆ ಪಿಂಗಾಣಿ ಕಪ್ಪಿನ ತಳದ ಒರಟು ಉಂಗುರಕ್ಕೆ ಮಸೆಯಬಹುದು. ಹಂಪಿಯ ಬಂಡೆಗಂತೂ ಮಸೆಯಬೇಡಿ. ಅಲಗೂ ಕೆಡುತ್ತೆ, ಬಂಡೆಗೂ ಗೀರು.

ಎಲ್ಲಿ ಒಯ್ಯಬಾರದು

ಆಯುಧ ನಿಯಮಗಳ ಪ್ರಕಾರ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಆಯುಧದ ಪಟ್ಟಿಗೆ ಸೇರುತ್ತೆ. ಮನೆ ಮತ್ತು ಕೃಷಿ ಬಳಕೆಗಾಗಿಯೇ ಮಾಡಿದ್ದಕ್ಕೆ ವಿನಾಯಿತಿ ಇದೆ. ಅದಕ್ಕಿಂತ ಚಿಕ್ಕದಾದರೂ ಸೊಂಟಕ್ಕೆ ಕಟ್ಟಿಕೊಂಡು ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ತಿರುಗಿದರೆ ಪೊಲೀಸರು ಕೇಳೇ ಕೇಳ್ತಾರೆ. ಒರೆಯೊಳಗೆ ಹಾಕಿ ಬ್ಯಾಗಿನ ತಳದಲ್ಲಿಡಿ. ಹಾಸ್ಟೆಲ್ಲಿಗೆ ತರಬೇಡಿ, ಮನೆಯಲ್ಲೇ ಇರಲಿ.

ಹಂಪಿಯ ಸ್ಮಾರಕಗಳ ಹತ್ತಿರ ಟೆಂಟ್, ಬೆಂಕಿ ಎರಡೂ ಬೇಡ. ದರೋಜಿ ಕರಡಿಧಾಮದಲ್ಲಿ ಒಣಕಡ್ಡಿ ಮುರಿದರೂ ತಪ್ಪೇ. ಇನ್ನೊಂದು ಮಾತು: ಈ ಗುಡ್ಡಗಳಲ್ಲಿ ಕರಡಿ, ಚಿರತೆ ಇವೆ. ಅವುಗಳಿಂದ ಚಾಕು ನಿಮ್ಮನ್ನ ಕಾಪಾಡಲ್ಲ. ಕತ್ತಲಾದ ಮೇಲೆ ಓಡಾಡದೇ ಇರೋದು ಕಾಪಾಡುತ್ತೆ.

ಬಳಸುವಾಗ ಮೂರು ನಿಯಮ. ತೋಳು ಚಾಚಿದಷ್ಟು ದೂರದಲ್ಲಿ ಯಾರೂ ಇರಬಾರದು. ತೊಡೆಯ ಮೇಲಿಟ್ಟು ಕೆತ್ತಬಾರದು, ಅಲ್ಲಿ ದೊಡ್ಡ ರಕ್ತನಾಳ ಇದೆ. ಕೆಲಸ ಮುಗಿದ ಕ್ಷಣ ಚಾಕು ಒರೆಗೆ. ಕೊಯ್ದರೆ ಶುಭ್ರ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡೀರಿ, ಪದೇ ಪದೇ ತೆಗೆದು ನೋಡಬೇಡಿ, ಆಸ್ಪತ್ರೆಗೆ ಹೊರಡಿ.

ಕಂಪ್ಲಿಯ ಅಜ್ಜ ನಮ್ಮ ಗೆಳೆಯನಿಗೆ ಕಮಾನು ಪಟ್ಟಿಯಿಂದ ನಾಲ್ಕೂವರೆ ಇಂಚಿನ ಚಾಕು ಮಾಡಿಕೊಟ್ಟರು. ಬಾಲ ಹಿಡಿಯ ಕೊನೆವರೆಗೂ ಇದೆ, ಮೂರು ರಿವೆಟ್. ಆನ್‌ಲೈನ್ ಚಾಕುವಿಗೆ ಕೊಟ್ಟಷ್ಟೇ ದುಡ್ಡು. ಹಿಡಿ ಕೂರಿಸೋ ಮುಂಚೆ ಅವನ ಕೈ ಹಿಡಿದು, ಮಡಚದ ಆ ಬೆರಳನ್ನ ನೋಡಿ, ಅಲ್ಲಿಗೆ ಸರಿಯಾಗಿ ಮರವನ್ನ ಸ್ವಲ್ಪ ತಗ್ಗು ಮಾಡಿದರು. ಈ ಡಿಸೆಂಬರ್‌ನಲ್ಲಿ ಮತ್ತೆ ಅದೇ ಹೊಲಕ್ಕೆ ಹೋಗ್ತಿದ್ದೀವಿ. ಜಾಲಿ ಕಟ್ಟಿಗೆಗೆ ಗರಗಸವೂ ಜೊತೆಗಿದೆ.