ತುಂಬಿದ ಕೆರೆಯಲ್ಲಿ ನೈದಿಲೆಗೂ ಜಾಗವಿರಲಿ

ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್, ದಕ್ಷಿಣ ಪಿನಾಕಿನಿ, ಮಾರ್ಕಂಡೇಯ ಎಂಬ ಹೆಸರುಗಳೇನೋ ಇವೆ. ನೀರು ಕಾಣುವುದು ಮಳೆ ಕೈಹಿಡಿದ ದಿನಗಳಲ್ಲಿ ಮಾತ್ರ. ಅದಕ್ಕೇ ಇಲ್ಲಿನ ಹಿರಿಯರು ಹರಿದು ಹೋಗುವ ನೀರಿಗೆ ಊರೂರಲ್ಲೂ ಅಡ್ಡಲಾಗಿ ಏರಿ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಯಾವ ಕಡೆ ಹೊರಟರೂ ಈ ಸರಪಳಿಯ ಯಾವುದಾದರೊಂದು ಕೆರೆ ಎದುರಾಗುತ್ತದೆ. ಈ ಕೆರೆಗಳ ಮಾತು ಬಂದಾಗ ನಾವು ವಿಸ್ತೀರ್ಣ ಲೆಕ್ಕ ಹಾಕುತ್ತೇವೆ, ಹೂಳು ಲೆಕ್ಕ ಹಾಕುತ್ತೇವೆ, ಸುತ್ತಲಿನ ಕೊಳವೆಬಾವಿಗಳ ಆಳ ಲೆಕ್ಕ ಹಾಕುತ್ತೇವೆ. ಕೆರೆಯಲ್ಲೇ ಹುಟ್ಟಿ ಕೆರೆಯಲ್ಲೇ ಬಾಳುವ ಒಂದು ಗಿಡ ಮಾತ್ರ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಅದು ನೈದಿಲೆ.

ಬಯಲುಸೀಮೆಯ ಕೆರೆಗಳಲ್ಲಿ ನೈದಿಲೆಯ ಎರಡು ಪ್ರಭೇದಗಳು ಮುಖ್ಯ. ಒಂದು, ಹಗಲಲ್ಲಿ ಅರಳುವ ನಿಂಫಿಯಾ ನೌಚಾಲಿ. ತಿಳಿನೀಲಿ, ನಸುನೇರಳೆ, ಕೆಲವು ಕಡೆ ಬಿಳಿ ಬಣ್ಣದ ಹೂ; ದಂಟು ಹೂವನ್ನು ನೀರಿನಿಂದ ಗೇಣು ಮೇಲಕ್ಕೆ ಎತ್ತಿ ಹಿಡಿದಿರುತ್ತದೆ. ಇನ್ನೊಂದು, ಇರುಳಲ್ಲಿ ಅರಳುವ ನಿಂಫಿಯಾ ಪ್ಯುಬೆಸೆನ್ಸ್. ಬಿಳಿ ಅಥವಾ ನಸುಗೆಂಪು ಹೂ, ಹಲ್ಲುಹಲ್ಲಾದ ಎಲೆಯಂಚು, ಎಲೆಯ ಅಡಿಯಲ್ಲಿ ಕೈಗೆ ತಾಗುವ ನವಿರಾದ ರೋಮ. ಸಂಜೆ ಬಿರಿದ ಈ ಹೂ ಮರುದಿನ ಬಿಸಿಲೇರುವ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಚಂದ್ರನ ದಾರಿ ಕಾಯುವ ಹೂವೆಂದು ನಮ್ಮ ಕವಿಗಳು ಹಾಡಿದ ನೈದಿಲೆಯ ಗುಣ ಈ ಎರಡನೆಯದಕ್ಕೆ ಒಪ್ಪುತ್ತದೆ. ನೀಲಿ ನೈದಿಲೆಗೆ ಬೇಕಾದದ್ದು ಬೆಳಗಿನ ಬಿಸಿಲು.

ತಾವರೆಯನ್ನೂ ನೈದಿಲೆಯನ್ನೂ ಒಂದೇ ಮನೆತನದವೆಂದು ತಿಳಿಯುವವರು ಬಹಳ. ನೋಡಿದರೆ ಹಾಗೆ ಕಾಣುವುದೂ ಸಹಜ. ಎಲೆ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ತಾವರೆಯ ಎಲೆ ಸೀಳಿಲ್ಲದ ದುಂಡು, ದಂಟು ನಡುಮಧ್ಯಕ್ಕೆ ಸೇರಿ ಎಲೆಯನ್ನು ನೀರಿನಿಂದ ಮೇಲಕ್ಕೆತ್ತುತ್ತದೆ. ನೈದಿಲೆಯ ಎಲೆಗೆ ದಂಟು ಸೇರುವಲ್ಲಿ ಆಳವಾದ ಸೀಳು. ಅದು ನೀರಿನ ಮೇಲೆ ಚಪ್ಪಟೆಯಾಗಿ ತೇಲುತ್ತದೆ. ವಂಶಾವಳಿಯಲ್ಲಂತೂ ಇವೆರಡೂ ದೂರದೂರ. ಹೂಬಿಡುವ ಸಸ್ಯಗಳ ಮೂಲ ಕಾಂಡದಿಂದ ತೀರಾ ಮೊದಲೇ ಕವಲೊಡೆದ ಕುಲಗಳಲ್ಲಿ ನೈದಿಲೆಯದೂ ಒಂದು. ಈ ಕುಲದ್ದೆಂದು ಗುರುತಿಸಲಾದ, 11 ಕೋಟಿ ವರ್ಷಕ್ಕೂ ಹಳೆಯ ಪಳೆಯುಳಿಕೆಗಳು ಪೋರ್ಚುಗಲ್‌ನಲ್ಲಿ ಸಿಕ್ಕಿವೆ. ಹೂವು ಹೇಗೆ ಹುಟ್ಟಿತು ಎಂದು ಕೇಳುವ ವಿಜ್ಞಾನಿಗಳು ಮತ್ತೆ ಮತ್ತೆ ಈ ಗಿಡದ ಬಳಿಗೆ ಬರುವುದು ಅದಕ್ಕೇ. 2020ರಲ್ಲಿ ನೈದಿಲೆಯ ಒಂದು ಪ್ರಭೇದದ ಪೂರ್ಣ ಜೀನೋಮ್ ಪ್ರಕಟವಾಯಿತು. ಹೂವನ್ನು ಬಿಡಿಸಿ ನೋಡಿದರೆ ಆ ಹಳಮೆ ಕಣ್ಣಿಗೇ ಕಾಣುತ್ತದೆ. ಎಸಳು ಎಲ್ಲಿ ಮುಗಿಯಿತು, ಕೇಸರ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲಾಗದು. ಹೊರಗಿನ ಕೇಸರಗಳು ಎಸಳಿನಂತೆಯೇ ಅಗಲವಾಗಿದ್ದು ಒಳಕ್ಕೆ ಹೋದಂತೆ ಸಣ್ಣಗಾಗುತ್ತವೆ.

ಇದರ ಹೂ ಒಂದು ದಿನದ್ದಲ್ಲ. ನೀಲಿ ನೈದಿಲೆ ಬೆಳಿಗ್ಗೆ ಅರಳಿ ಮಧ್ಯಾಹ್ನದ ಮೇಲೆ ಮುಚ್ಚುತ್ತಾ ಮೂರು ನಾಲ್ಕು ದಿನ ಬಾಳುತ್ತದೆ. ಮೊದಲ ದಿನ ಅದು ಹೆಣ್ಣು ಹೂ. ನಡುವಿನ ಶಲಾಕಾಗ್ರ ಬಟ್ಟಲಿನಂತೆ ತಗ್ಗಾಗಿ, ಅದರಲ್ಲಿ ಒಂದಿಷ್ಟು ದ್ರವ ನಿಂತಿರುತ್ತದೆ. ಸುತ್ತಲ ಕೇಸರಗಳಲ್ಲಿ ಇನ್ನೂ ಪರಾಗ ಬಿರಿದಿಲ್ಲ. ಹಿಂದಿನ ದಿನ ಅರಳಿದ ಬೇರೊಂದು ಹೂವಿನಿಂದ ಮೈಗೆಲ್ಲ ಪರಾಗ ಮೆತ್ತಿಕೊಂಡು ಬಂದ ಜೇನು ಕೇಸರಗಳ ಮೇಲೆ ಕೂರಲು ಹೋಗಿ ಬಟ್ಟಲಿಗೆ ಜಾರುತ್ತದೆ. ಮೈ ತೊಳೆದ ಪರಾಗ ದ್ರವದಲ್ಲಿ ಉಳಿದು, ಹೂ ಕಾಯಿಕಟ್ಟುತ್ತದೆ. ಹೆಚ್ಚಿನ ಹುಳುಗಳು ಹೊರಬರುತ್ತವೆ, ಕೆಲವು ಅಲ್ಲೇ ಮುಳುಗಿ ಸಾಯುವುದೂ ಉಂಟು. ಎರಡನೆಯ ದಿನದಿಂದ ಬಟ್ಟಲು ಆರಿ, ಕೇಸರಗಳು ಅದರ ಮೇಲೆ ಬಾಗಿ ಮುಚ್ಚಿ, ಪರಾಗ ಸುರಿಸತೊಡಗುತ್ತವೆ. ಈಗ ಅದು ಗಂಡು ಹೂ. ತನ್ನ ಪರಾಗ ತನಗೇ ಬೀಳದಿರಲೆಂದು ಗಿಡ ಕಂಡುಕೊಂಡ ಉಪಾಯವಿದು.

ಆಮೇಲೆ ದಂಟು ಬಾಗಿ ಹೂವನ್ನು ನೀರೊಳಕ್ಕೆ ಎಳೆದುಕೊಳ್ಳುತ್ತದೆ. ಕಾಯಿ ಬಲಿಯುವುದು ನೀರಿನಡಿಯಲ್ಲೇ. ಹಣ್ಣಾಗಿ ಒಡೆದಾಗ ಗಸಗಸೆಗಿಂತ ತುಸು ದಪ್ಪನೆಯ ಬೀಜಗಳು ಮೇಲೇಳುತ್ತವೆ. ಪ್ರತಿ ಬೀಜಕ್ಕೂ ಗಾಳಿ ತುಂಬಿದ ತೆಳು ಪೊರೆ. ಅಲೆ ಒಯ್ದ ಕಡೆ ಒಂದಷ್ಟು ಹೊತ್ತು ತೇಲಿ, ಪೊರೆ ಕೊಳೆತ ಮೇಲೆ ಬೀಜ ಕೆಸರಿಗೆ ಇಳಿಯುತ್ತದೆ.

ಕೆಸರಿನಲ್ಲಿ ಗಾಳಿಯಿರುವುದಿಲ್ಲ, ಗಡ್ಡೆಯೂ ಬೇರೂ ಉಸಿರಾಡುವುದು ಹೇಗೆ? ಹಳ್ಳಿಯ ಮಕ್ಕಳು ನೈದಿಲೆ ದಂಟನ್ನು ತುಂಡು ತುಂಡಾಗಿ ಮುರಿದು, ಸಿಪ್ಪೆ ಬಿಡದಂತೆ ಎರಡು ಕಡೆಗೆ ಇಳಿಬಿಟ್ಟು, ಹೂವೇ ಪದಕವಾದ ಹಾರ ಮಾಡುತ್ತಾರಲ್ಲ, ಆ ಮುರಿದ ತುದಿಯನ್ನು ಕಣ್ಣಿಗೆ ಹತ್ತಿರ ಹಿಡಿಯಬೇಕು. ಒಳಗೆ ಉದ್ದಕ್ಕೂ ಸಾಗಿದ ಗಾಳಿಯ ಕೊಳವೆಗಳು ಕಾಣುತ್ತವೆ. ನೆಲದ ಗಿಡಗಳಲ್ಲಿ ಬಹುಪಾಲು ಎಲೆಯ ಅಡಿಯಲ್ಲಿರುವ ಪತ್ರರಂಧ್ರಗಳು ಇಲ್ಲಿ ಎಲೆಯ ಮೇಲ್ಮೈಯಲ್ಲಿವೆ. ಅಲ್ಲಿಂದ ಒಳಬಂದ ಗಾಳಿ ಈ ಕೊಳವೆಗಳಲ್ಲಿ ಇಳಿದು ಕೆಸರಿನ ಗಡ್ಡೆಯನ್ನು ತಲುಪುತ್ತದೆ.

ಗಡ್ಡೆಯೇ ನೈದಿಲೆಯ ಬಂಡವಾಳ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಎಲೆ, ದಂಟು ಎಲ್ಲ ಒಣಗಿ ಹೋಗುತ್ತವೆ. ಗಡ್ಡೆ ಮಾತ್ರ ಹೂಳಿನ ತೇವದಲ್ಲಿ ಉಳಿಯುತ್ತದೆ. ಮಳೆ ನೀರು ನಿಂತಾಗ ಅದರಲ್ಲಿ ಕೂಡಿಟ್ಟ ಪಿಷ್ಟವನ್ನು ತಿಂದು ಹೊಸ ಎಲೆ ಮೇಲಕ್ಕೆ ಹೊರಡುತ್ತದೆ. ನೀರು ಆಳುದ್ದ ಮೀರಿರಬಾರದು, ತೀರಾ ಬಗ್ಗಡವಾಗಿರಬಾರದು. ಬೆಳಕು ಸಿಗುವ ಮೊದಲೇ ಪಿಷ್ಟ ಮುಗಿದರೆ ಗಿಡ ಅಲ್ಲಿಗೇ ಸೋಲುತ್ತದೆ. ತುಂಬುವುದು, ಇಳಿಯುವುದು, ಅಂಚಿನಲ್ಲಿ ಮೆಲ್ಲಗೆ ಜಾರುವ ನೆಲ: ನಮ್ಮ ಹಳೆಯ ಕೆರೆಗಳ ಈ ಗುಣವೇ ನೈದಿಲೆಗೆ ಒಗ್ಗಿದ್ದು.

ನೈದಿಲೆ ಇದ್ದ ಕಡೆ ಇತರ ಜೀವಗಳೂ ಕೂಡಿಕೊಳ್ಳುತ್ತವೆ. ಎಲೆಯ ಅಡಿಯಲ್ಲಿ ಬಸವನಹುಳು ಮೊಟ್ಟೆ ಅಂಟಿಸುತ್ತದೆ, ಮೀನಿನ ಮರಿಗಳು ನೆರಳಲ್ಲಿ ಅವಿತುಕೊಳ್ಳುತ್ತವೆ, ಏರೋಪ್ಲೇನ್ ಚಿಟ್ಟೆಯ ಮರಿಗಳು ದಂಟು ಹಿಡಿದು ಬೇಟೆಗೆ ಕೂರುತ್ತವೆ. ಉದ್ದ ಕಾಲ್ಬೆರಳಿನ ದೇವನಕ್ಕಿ ಎಲೆಯಿಂದೆಲೆಗೆ ನಡೆದು ಹುಳು ಹೆಕ್ಕುತ್ತದೆ. ತೇಲುವ ಎಲೆಗಳ ಮೇಲೆಯೇ ಅದರ ಗೂಡು. ಮೊಟ್ಟೆಗೆ ಕಾವು ಕೊಟ್ಟು ಮರಿ ಸಾಕುವವನು ಗಂಡು. ಎಲೆಗಳ ನೆರಳು ನೀರನ್ನು ತಂಪಾಗಿಟ್ಟು ಪಾಚಿಯನ್ನು ಹದ್ದಿನಲ್ಲಿಡುತ್ತದೆ.

ಕೋಲಾರದ ಕೆರೆಗಳು ಎಷ್ಟೋ ವರ್ಷ ನೀರಿಲ್ಲದೆ ಜಾಲಿಯ ಕಾಡಾಗಿದ್ದವು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ದಿನಕ್ಕೆ 44 ಕೋಟಿ ಲೀಟರ್ ಸಾಮರ್ಥ್ಯದ ಈ ಯೋಜನೆಯ ಗುರಿ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯ ನೀರಿನಿಂದ 126 ಕೆರೆ ತುಂಬಿಸಿ ಅಂತರ್ಜಲ ಹೆಚ್ಚಿಸುವುದು. 2021ರ ನವೆಂಬರ್ ಮಳೆಗೆ ಕೆರೆಗಳು ಸಾಲಾಗಿ ಕೋಡಿ ಹರಿದವು. ಬೋರ್‌ವೆಲ್ ಬತ್ತಿ ಕಂಗೆಟ್ಟಿದ್ದ ರೈತನಿಗೆ ನೀರು ಕಂಡದ್ದು ಸಣ್ಣ ಮಾತಲ್ಲ.

ಆದರೆ ಎರಡನೆಯ ಹಂತದವರೆಗೆ ಮಾತ್ರ ಸಂಸ್ಕರಿಸಿದ ನೀರಿನಲ್ಲಿ ಸಾರಜನಕ, ರಂಜಕ ಉಳಿದಿರುತ್ತವೆ. ಅದು ಪಾಚಿಗೆ ಗೊಬ್ಬರ, ದಕ್ಷಿಣ ಅಮೆರಿಕದಿಂದ ಬಂದ ವಾಟರ್ ಹಯಸಿಂತ್‌ಗೆ ಹಬ್ಬದೂಟ. ಎರಡು ವಾರದಲ್ಲಿ ದುಪ್ಪಟ್ಟಾಗಬಲ್ಲ ಈ ಕಳೆ ನೀರಿನ ಮೇಲೆ ಹಾಸಿಕೊಂಡರೆ ಕೆಳಗಿನ ನೈದಿಲೆಗೆ ಬೆಳಕಿಲ್ಲ. ಹೂಳೆತ್ತುವ ರೀತಿಯೂ ಬದಲಾಗಿದೆ. ಹಿಂದೆ ರೈತರು ಬೇಸಿಗೆಯಲ್ಲಿ ಗಾಡಿ ಕಟ್ಟಿ, ತಮಗೆ ಬೇಕಾದಷ್ಟು ಗೋಡು ಹೊಲಕ್ಕೆ ಸಾಗಿಸುತ್ತಿದ್ದರು. ಇಂದು ಜೆಸಿಬಿ ದಡದಿಂದಲೇ ನೇರವಾಗಿ ಕೊರೆದು ಕೆರೆಯನ್ನು ತೊಟ್ಟಿ ಮಾಡಿದರೆ, ಗಡ್ಡೆಯೂ ಬೀಜವೂ ಟಿಪ್ಪರ್ ಹತ್ತಿ ಹೋಗುತ್ತವೆ. ಅವು ಮತ್ತೆ ನೆಲೆಯೂರಬೇಕಾದ ತೆಳುನೀರಿನ ಅಂಚೂ ಉಳಿಯುವುದಿಲ್ಲ. ಮೀನು ಸಾಕಣೆಗೆ ಬಿಟ್ಟ ಹುಲ್ಲುಗೆಂಡೆ ಎಳೆ ಎಲೆಗಳನ್ನು ಮೇಯುತ್ತದೆ.

ಮಾಡಬೇಕಾದ್ದು ದುಬಾರಿಯದೇನಲ್ಲ. ಹೂಳೆತ್ತುವಾಗ ನೀರು ಬರುವ ಕಡೆಯ ಅಂಚನ್ನು ಇಳಿಜಾರಾಗಿಯೇ ಬಿಡಬೇಕು. ಹಯಸಿಂತ್ ಕೆರೆಗೆ ಕಾಲಿಟ್ಟ ಮೊದಲ ತಿಂಗಳಲ್ಲೇ ಎಳೆದು ದಡಕ್ಕೆ ಹಾಕಬೇಕು. ನೈದಿಲೆ ಅಳಿದ ಕಡೆ ಅದೇ ಸರಪಳಿಯ ಮೇಲಿನ ಕೆರೆಯಿಂದ ನಾಲ್ಕು ಗಡ್ಡೆ ತಂದು ಊರಿದರೆ ಸಾಕು, ಮಿಕ್ಕದ್ದನ್ನು ಕೋಡಿಯ ನೀರು ನೋಡಿಕೊಳ್ಳುತ್ತದೆ. ಇವಕ್ಕಿಂತ ದೊಡ್ಡದು, ಜಿಲ್ಲೆಯ ರೈತರು ಕೇಳುತ್ತಲೇ ಬಂದಿರುವ ಮೂರನೆಯ ಹಂತದ ಶುದ್ಧೀಕರಣ. ಅದಕ್ಕೆ ಹಣ ಬೇಕು, ಆದರೆ ಅದರ ಲಾಭ ಹೂವಿಗಷ್ಟೇ ಅಲ್ಲ, ಆ ನೀರು ಇಂಗಿ ಬರುವ ಬಾವಿಯಿಂದ ಕುಡಿಯುವ ನಮಗೂ ಉಂಟು.

ಕೆರೆಗೆ ನೀರು ಬಂದರೆ ಅರ್ಧ ಕೆಲಸ ಆದಂತೆ. ಕಾಮಗಾರಿ ಮುಗಿಯಿತೆಂದು ಏರಿಯ ಮೇಲೆ ಫಲಕ ನೆಡುವ ಮೊದಲು, ಎರಡು ಮಳೆಗಾಲ ಕಳೆದ ಮೇಲೆ ಅಂಚಿನಲ್ಲಿ ನೈದಿಲೆ ತಾನಾಗಿ ಹಬ್ಬಿದೆಯೇ ಎಂದು ಊರಿನವರೇ ಹೋಗಿ ನೋಡಲಿ. ಹಬ್ಬಿದ್ದರೆ ನೀರಿನ ಆಳ, ತಿಳಿ, ಏರಿಳಿತ ಮೂರೂ ಸರಿಯಾಗಿವೆ ಎಂದರ್ಥ. ಇಷ್ಟು ಕಡಿಮೆ ಖರ್ಚಿನ, ಇಷ್ಟು ನಂಬಬಹುದಾದ ಪರೀಕ್ಷೆ ಇನ್ನೊಂದಿಲ್ಲ.