ನಾಳೆಯ ಕತೆಗೆ ಕನ್ನಡದಲ್ಲೊಂದು ಕಪಾಟು

1921ರ ಜನವರಿಯಲ್ಲಿ ಪ್ರಾಗ್ ನಗರದಲ್ಲಿ ಕಾರೆಲ್ ಚಾಪೆಕ್‌ನ 'ಆರ್.ಯು.ಆರ್.' ಎಂಬ ನಾಟಕ ರಂಗವೇರಿತು. ಕಾರ್ಖಾನೆಯಲ್ಲಿ ತಯಾರಾದ ಕೃತಕ ಕಾರ್ಮಿಕರು ತಮ್ಮ ಒಡೆಯರ ಮೇಲೆಯೇ ದಂಗೆಯೇಳುವ ಕತೆ ಅದು. 'ರೋಬಾಟ್' ಎಂಬ ಮಾತು ಜಗತ್ತಿನ ಭಾಷೆಗಳಿಗೆಲ್ಲ ಹಬ್ಬಿದ್ದು ಆ ನಾಟಕದಿಂದ. ಅದಾದ ಎರಡು ವರ್ಷಕ್ಕೆ, 1923ರ ಜನವರಿಯಲ್ಲಿ, ಮೈಸೂರು ಸಂಸ್ಥಾನದ ಭದ್ರಾವತಿಯಲ್ಲಿ ಕಬ್ಬಿಣದ ಕುಲುಮೆ ಹೊತ್ತಿಕೊಂಡಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನಿಂದ ಬಂದ ಇದ್ದಿಲು, ಭದ್ರೆಯ ನೀರು - ಇವನ್ನು ನಂಬಿ ಕಾಡಿನ ನಡುವೆ ಒಂದು ಉಕ್ಕಿನ ಊರನ್ನು ಕಟ್ಟಬಹುದೆಂದು ಸರ್ ಎಂ. ವಿಶ್ವೇಶ್ವರಯ್ಯನವರು ಯೋಚಿಸಿದ್ದೇ ಆ ಕಾಲಕ್ಕೆ ಒಂದು ವೈಜ್ಞಾನಿಕ ಕಾದಂಬರಿಯಂತಿತ್ತು. ಹಿಂದೆ ಬೆಂಕಿಪುರವೆಂದು ಕರೆಸಿಕೊಳ್ಳುತ್ತಿದ್ದ ಊರಿಗೆ ಹಳೆಯ ಹೆಸರು ಆಗ ಅನ್ವರ್ಥವಾಯಿತು.

ಈ ಎರಡು ಘಟನೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗಲೆಲ್ಲ ನನ್ನನ್ನು ಒಂದು ಪ್ರಶ್ನೆ ಕಾಡುತ್ತದೆ. ಯಂತ್ರ ನಮಗೂ ಬಂತು. ಯಂತ್ರವನ್ನು ಕುರಿತ ಕನಸು ಮತ್ತು ದುಃಸ್ವಪ್ನಗಳ ಸಾಹಿತ್ಯ ಅದೇ ಪ್ರಮಾಣದಲ್ಲಿ ಏಕೆ ಬರಲಿಲ್ಲ? ಅಮೆರಿಕದಲ್ಲಿ 1926ರಲ್ಲಿ ವಿಜ್ಞಾನ ಕತೆಗಳಿಗೆಂದೇ 'ಅಮೇಜಿಂಗ್ ಸ್ಟೋರೀಸ್' ಎಂಬ ಮಾಸಿಕ ಹೊರಟಿತು. ಅಂಥ ಪತ್ರಿಕೆಗಳು ಬೆಳೆದದ್ದು ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದದ ಮೇಲೆ. 'ಪಲ್ಪ್' ಎಂಬ ಹೆಸರು ಆ ಸಾಹಿತ್ಯಕ್ಕೆ ಅಂಟಿಕೊಂಡದ್ದು ಆ ಕಾಗದದಿಂದಲೇ. ನಮ್ಮಲ್ಲಿ ಕಾಗದಕ್ಕೂ ಬರವಿರಲಿಲ್ಲ. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ಇದೇ ಭದ್ರಾವತಿಯಲ್ಲಿ ತಲೆಯೆತ್ತಿ, ಮುಂದೆ ಪತ್ರಿಕೆಗಳಿಗೆ ಬೇಕಾದ ಮುದ್ರಣ ಕಾಗದವನ್ನೂ ತಯಾರಿಸಿತು. ಕುಲುಮೆ, ಕಾಗದ, ಓದುಬಲ್ಲ ಕಾರ್ಮಿಕವರ್ಗ ಮೂರೂ ಒಂದೇ ಊರಿನಲ್ಲಿದ್ದವು. ಕತೆ ಮಾತ್ರ ಬೇರೆ ದಾರಿ ಹಿಡಿಯಿತು.

ಇದಕ್ಕೆ ಕನ್ನಡಿಗರ ಕಲ್ಪನಾಶಕ್ತಿಯನ್ನು ದೂರುವಂತಿಲ್ಲ. ಪಂಚತಂತ್ರದ ನೇಕಾರ ಮರದ ಗರುಡನನ್ನೇರಿ ಆಕಾಶದಲ್ಲಿ ಹಾರುತ್ತಾನೆ. ಹನ್ನೊಂದನೆಯ ಶತಮಾನದ ಕಥಾಸರಿತ್ಸಾಗರದಲ್ಲಿ ಮರದ ಯಂತ್ರಮಾನವರೇ ತುಂಬಿದ ಒಂದು ನಗರವಿದೆ. ನಮ್ಮ ಅಜ್ಜಿಯರ ಕತೆಗಳಲ್ಲಿ ಹುಡುಗಿ ಹೂವಿನ ಗಿಡವಾಗುತ್ತಾಳೆ, ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿರುತ್ತದೆ. ಶಿವಮೊಗ್ಗ ಜಿಲ್ಲೆಯವರೇ ಆದ ಕುವೆಂಪು ಪರದೇಶದ ಕಿನ್ನರಿಗಾರನನ್ನು ಬೊಮ್ಮನಹಳ್ಳಿಗೆ ಕರೆತಂದು 'ಕಿಂದರಿಜೋಗಿ'ಯನ್ನಾಗಿಸಿದರು. ಷೇಕ್ಸ್‌ಪಿಯರನ 'ಟೆಂಪೆಸ್ಟ್' ಅವರ ಕೈಯಲ್ಲಿ 'ಬಿರುಗಾಳಿ'ಯಾಯಿತು. ಗಿರೀಶ ಕಾರ್ನಾಡರ 'ಹಯವದನ', 'ನಾಗಮಂಡಲ'ಗಳು ಅದ್ಭುತವನ್ನೇ ನೆಚ್ಚಿ ನಿಂತ ನಾಟಕಗಳು. 2022ರಲ್ಲಿ 'ಕಾಂತಾರ' ಚಿತ್ರ ದೈವದ ಕತೆಯೊಂದನ್ನು ಇಡೀ ದೇಶ ನೋಡುವಂತೆ ಮಾಡಿತು. ಆದರೆ ಅದ್ಭುತವನ್ನು ನಾವು ಒಪ್ಪಿಕೊಳ್ಳುವುದು ಅದು ಪುರಾಣವಾಗಿ, ಜನಪದವಾಗಿ ಅಥವಾ ಮಕ್ಕಳ ಕತೆಯಾಗಿ ಬಂದಾಗ. ದೊಡ್ಡವರಿಗಾಗಿ, ನಾಳೆಯನ್ನು ಕುರಿತು, ಗದ್ಯದಲ್ಲಿ ಬಂದರೆ ಅನುಮಾನದಿಂದ ನೋಡುತ್ತೇವೆ.

ಹಾಗೆಂದು ಕನ್ನಡದಲ್ಲಿ ಬರೆದವರೇ ಇಲ್ಲವೆಂದಲ್ಲ. ರಾಜಶೇಖರ ಭೂಸನೂರಮಠರು ಧಾರವಾಡದಲ್ಲಿದ್ದುಕೊಂಡು ಪಟ್ಟುಬಿಡದೆ ವೈಜ್ಞಾನಿಕ ಕತೆ, ಕಾದಂಬರಿಗಳನ್ನು ಬರೆದರು. ಸಂತೋಷಕುಮಾರ ಮೆಹೆಂದಳೆ, ಶಾಂತಾರಾಮ ಸೋಮಯಾಜಿ ಮೊದಲಾದವರು ಈ ದಾರಿಯಲ್ಲಿ ನಡೆದಿದ್ದಾರೆ. ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯ 'ಕನಕ ಮುಸುಕು' ಮುಂತಾದ ಕೃತಿಗಳಲ್ಲಿ ಇತಿಹಾಸ ಮತ್ತು ವಿಜ್ಞಾನಗಳನ್ನು ಹೆಣೆದು ದೊಡ್ಡ ಓದುಗವರ್ಗವನ್ನೇ ಸಂಪಾದಿಸಿದರು. ಇವರೆಲ್ಲರಿಗಿಂತ ಮನೆಮಾತಾದ ಪುಸ್ತಕವೆಂದರೆ 1980ರಲ್ಲಿ ಬಂದ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ'. ಹಾರುವ ಓತಿಯನ್ನು ಹುಡುಕಿಕೊಂಡು ಒಬ್ಬ ವಿಜ್ಞಾನಿ, ಒಬ್ಬ ಹಳ್ಳಿಗ, ಒಬ್ಬ ಕೃಷಿಕ, ಒಂದು ನಾಯಿ ಕಾಡು ಹೊಗುವ ಆ ಕಾದಂಬರಿ ಹತ್ತಾರು ಮುದ್ರಣಗಳನ್ನು ಕಂಡಿದೆ. ಅದನ್ನು ಯಾರೂ ವಿಜ್ಞಾನ ಕಾದಂಬರಿಯೆಂದು ಕರೆದು ಮಾರಲಿಲ್ಲ. ವಿಕಾಸವಾದ, ಕಾಲ, ಅಳಿದುಹೋದ ಜೀವಿ ಎಂಬ ವಸ್ತುಗಳನ್ನು ನೋಡಿದರೆ ಅದು ಆ ಪ್ರಕಾರದ ಬಾಗಿಲಲ್ಲೇ ನಿಂತಿದೆ. ಒಳ್ಳೆಯ ಕತೆಗೆ ಮಂದಣ್ಣನಂಥ ಮನುಷ್ಯ ಬೇಕು. ಅವನು ಸಿಕ್ಕರೆ ಓದುಗ ಎಂಥ ವಿಜ್ಞಾನದ ಹಿಂದೆಯೂ ಬರುತ್ತಾನೆ ಎಂಬುದು 'ಕರ್ವಾಲೊ' ನಮಗೆ ಕಲಿಸುವ ಪಾಠ.

ಹೆಸರಿಲ್ಲದಿರುವುದು ತೇಜಸ್ವಿಯವರಿಗೆ ತೊಡಕಾಗಲಿಲ್ಲ, ಹೊಸಬರಿಗೆ ಆಗುತ್ತದೆ. ನನ್ನ ವಿಜ್ಞಾನ ಕತೆಗಳ ಸಂಕಲನದ ಕಟ್ಟುಗಳನ್ನು ಹಿಡಿದು ಶಿವಮೊಗ್ಗ, ಭದ್ರಾವತಿಗಳ ಪುಸ್ತಕದಂಗಡಿಗಳಿಗೆ ಹೋದಾಗ ಎಲ್ಲೆಡೆ ಎದುರಾದದ್ದು ಒಂದೇ ಪ್ರಶ್ನೆ: 'ಇದನ್ನು ಯಾವ ಕಪಾಟಿಗೆ ಸೇರಿಸೋಣ ಸಾರ್?' ಕಾದಂಬರಿ, ಕವನ, ಅಧ್ಯಾತ್ಮ, ಅಡುಗೆ, ವ್ಯಕ್ತಿತ್ವ ವಿಕಸನ, ಸ್ಪರ್ಧಾತ್ಮಕ ಪರೀಕ್ಷೆ - ಎಲ್ಲಕ್ಕೂ ಅಲ್ಲಿ ಒಂದೊಂದು ಸ್ಥಳವಿತ್ತು. ನನ್ನ ಪುಸ್ತಕ ಒಂದು ಅಂಗಡಿಯಲ್ಲಿ ಮಕ್ಕಳ ಚಿತ್ರಪುಸ್ತಕಗಳ ನಡುವೆ, ಇನ್ನೊಂದರಲ್ಲಿ ಪಿಯುಸಿ ಭೌತಶಾಸ್ತ್ರದ ಗೈಡುಗಳ ಪಕ್ಕದಲ್ಲಿ ಆಶ್ರಯ ಪಡೆಯಿತು. ಅದೇ ಅಂಗಡಿಯ ಮುಂಭಾಗದಲ್ಲಿ ಇಂಗ್ಲಿಷಿನ ಹ್ಯಾರಿ ಪಾಟರ್ ಸಾಲಾಗಿ ನಿಂತಿದ್ದ. ಅವನನ್ನು ಕೊಳ್ಳಲು ಬರುವ ಮಕ್ಕಳು ಮನೆಯಲ್ಲಿ ಕನ್ನಡ ಮಾತನಾಡುವವರೇ. ಕೇಳುವವರಿಲ್ಲದ ಸರಕಿಗೆ ಅಂಗಡಿಯವರು ಜಾಗ ಕೊಡಲಾರರು. ಜಾಗವಿಲ್ಲದ ಸರಕನ್ನು ಯಾರೂ ಕೇಳಲಾರರು. ಈ ವರ್ತುಲವನ್ನು ಎಲ್ಲಾದರೊಂದು ಕಡೆ ಕತ್ತರಿಸಬೇಕು.

ಪ್ರಕಾಶಕರ ಲೆಕ್ಕಾಚಾರವೂ ನೆರವಿಗೆ ಬರುವುದಿಲ್ಲ. ಕನ್ನಡದ ಬಹುಪಾಲು ಪುಸ್ತಕಗಳು ಅಚ್ಚಾಗುವುದು ಐನೂರರಿಂದ ಒಂದು ಸಾವಿರ ಪ್ರತಿ. ಅವುಗಳಲ್ಲಿ ದೊಡ್ಡ ಪಾಲು ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ನಂಬಿಕೊಂಡಿರುತ್ತದೆ. ಅಲ್ಲಿ ಬೆಲೆ ನಿಗದಿಯಾಗುವುದು ಪುಟಗಳ ಲೆಕ್ಕದಲ್ಲಿ. ಹೀಗಾಗಿ ಓದುಗನನ್ನು ಹುಡುಕಿಕೊಂಡು ಹೋಗುವ ಜರೂರು ಯಾರಿಗೂ ಬೀಳುವುದಿಲ್ಲ. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದ ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳನ್ನು ಬರೆದರು. ಬಾಡಿಗೆ ಗ್ರಂಥಾಲಯಗಳ ಮೂಲಕ ಅವು ಊರೂರನ್ನು ತಲುಪಿ, ಎಷ್ಟೋ ಮಂದಿಗೆ ಓದಿನ ರುಚಿ ಹತ್ತಿಸಿದವು. ಆ ಓದುಗರಿಗೆ ಮುಂದಿನ ಮೆಟ್ಟಿಲಾಗಿ ವಿಜ್ಞಾನ ಕತೆ ಒದಗಬಹುದಿತ್ತು. ಅಷ್ಟರಲ್ಲಿ ಬಾಡಿಗೆ ಗ್ರಂಥಾಲಯಗಳೇ ಬಾಗಿಲು ಹಾಕಿದವು.

ನೆರೆಹೊರೆಯ ಭಾಷೆಗಳಲ್ಲಿ ಏನಾಯಿತೆಂದು ನೋಡಬೇಕು. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತು ವಿಜ್ಞಾನ ಕತೆಗಳ ಸ್ಪರ್ಧೆ ಏರ್ಪಡಿಸಿದಾಗ ನಾರಾಯಣ ವಿನಾಯಕ ಜಗತಾಪ ಎಂಬ ಅಪರಿಚಿತರ 'ಕೃಷ್ಣವಿವರ' ಎಂಬ ಕತೆಗೆ ಬಹುಮಾನ ಬಂತು. ಆ ಅಪರಿಚಿತ ಬೇರಾರೂ ಆಗಿರಲಿಲ್ಲ, ಖಗೋಳ ವಿಜ್ಞಾನಿ ಜಯಂತ ವಿಷ್ಣು ನಾರ್ಳೀಕರ್. ತಮ್ಮ ಹೆಸರಿನ ಮೊದಲಕ್ಷರಗಳನ್ನು ತಿರುಗಿಸಿ ಗುಪ್ತನಾಮ ಮಾಡಿಕೊಂಡಿದ್ದರು. ಅದೇ ನಾರ್ಳೀಕರರನ್ನು 2021ರ ನಾಸಿಕದ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನ ತನ್ನ ಅಧ್ಯಕ್ಷರನ್ನಾಗಿ ಆರಿಸಿಕೊಂಡಿತು. ತಮಿಳಿನ ಸುಜಾತಾ ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ ಎಂಜಿನಿಯರ್ ಆಗಿದ್ದುಕೊಂಡು, ಜನಪ್ರಿಯ ವಾರಪತ್ರಿಕೆಯ ಧಾರಾವಾಹಿಯಾಗಿ ಯಂತ್ರನಾಯಿಯ ಕತೆ ಬರೆದರು. ಒಂದೆಡೆ ಒಂದು ಸ್ಪರ್ಧೆ, ಇನ್ನೊಂದೆಡೆ ಒಂದು ಧಾರಾವಾಹಿ. ದೊಡ್ಡ ಬಂಡವಾಳವನ್ನೇನೂ ಬೇಡದ ಈ ಎರಡು ಕ್ರಮಗಳು ಆ ಭಾಷೆಗಳಲ್ಲಿ ಈ ಪ್ರಕಾರಕ್ಕೆ ಗೌರವದ ಸ್ಥಾನ ಕೊಟ್ಟವು.

'ವರ್ತಮಾನದ ಸಂಕಟಗಳೇ ಬೆಟ್ಟದಷ್ಟಿರುವಾಗ ಮಂಗಳಗ್ರಹದ ಕತೆ ಯಾರಿಗೆ ಬೇಕು?' ಎಂದು ಸಾಹಿತ್ಯದ ಗೆಳೆಯರು ಕೇಳುವುದುಂಟು. ಪ್ರಶ್ನೆ ಪ್ರಾಮಾಣಿಕವಾದದ್ದು. ಆದರೆ ಈ ಜಿಲ್ಲೆಯ ಲೇಖಕ ಮಂಗಳಗ್ರಹಕ್ಕೆ ಹೋಗಬೇಕಾದ ಅಗತ್ಯವೇ ಇಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು; ಉಣುಗಿನಿಂದ ಹರಡುವ, ಜಗತ್ತಿಗೆ ಅದುವರೆಗೆ ಗೊತ್ತಿರದ ವೈರಾಣುವೊಂದು ಪತ್ತೆಯಾಯಿತು. ಇಂದು ಜಗತ್ತಿನ ವೈದ್ಯಗ್ರಂಥಗಳಲ್ಲಿ ನಮ್ಮ ಹಳ್ಳಿಯ ಹೆಸರು ಆ ಕಾಯಿಲೆಯ ಹೆಸರಾಗಿ ಉಳಿದಿದೆ. ಶರಾವತಿಯ ಹಿರೇಭಾಸ್ಕರ ಅಣೆಕಟ್ಟು ಕಟ್ಟಿ ಎರಡು ದಶಕ ತುಂಬುವ ಮೊದಲೇ, 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು; ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ಅದು ಮತ್ತೆ ತಲೆಯೆತ್ತುತ್ತದೆ. ಅಣೆಕಟ್ಟನ್ನು ಅಣೆಕಟ್ಟು ನುಂಗುವ ಇಂಥ ದೃಶ್ಯವನ್ನು ಯಾವ ವಿದೇಶಿ ಲೇಖಕ ಕಲ್ಪಿಸಬೇಕು? ಮುಳುಗಡೆಯ ಜನರ ನೋವನ್ನು ನಾ. ಡಿಸೋಜರು ವಾಸ್ತವದ ನೆಲೆಯಲ್ಲಿ ಸಮರ್ಥವಾಗಿ ಬರೆದರು. ಅದೇ ನೆಲದಿಂದ ನಾಳೆಯನ್ನು ನೋಡುವ ಕತೆಗಳೂ ಹುಟ್ಟಬೇಕಾಗಿದೆ.

ಭದ್ರಾವತಿಯ ಮಟ್ಟಿಗಂತೂ ಇದು ಸಾಹಿತ್ಯದ ಶೋಕಿಯಲ್ಲ. 2015ರ ಸುಮಾರಿಗೆ ಕಾಗದ ಕಾರ್ಖಾನೆಯ ಯಂತ್ರಗಳು ನಿಂತವು. 2023ರ ಜನವರಿಯಲ್ಲಿ, ಮೊದಲ ಕುಲುಮೆ ಹೊತ್ತಿದ ನೂರನೆಯ ವರ್ಷಕ್ಕೆ ಸರಿಯಾಗಿ, ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿದ್ದು ಕಾರ್ಮಿಕರು ಬೀದಿಗಿಳಿದರು. ಅದರ ಮರುತಿಂಗಳೇ ಪಕ್ಕದ ಶಿವಮೊಗ್ಗದಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಒಂದು ಊರಿನ ಭವಿಷ್ಯ ಕಮರುತ್ತಿರುವಾಗ ಇನ್ನೊಂದಕ್ಕೆ ರೆಕ್ಕೆ ಮೂಡುವ ಈ ಹೊತ್ತಿನಲ್ಲಿ, ಇಲ್ಲಿಯ ನಾಳೆ ಹೇಗಿರಬೇಕೆಂಬ ಚರ್ಚೆ ಯೋಜನಾ ವರದಿಗಳಲ್ಲಿ, ಅದೂ ಇಂಗ್ಲಿಷಿನಲ್ಲಿ ಮಾತ್ರ ನಡೆದರೆ ಸಾಕೆ? ನಾಳೆಯನ್ನು ತನ್ನ ಮಾತಿನಲ್ಲಿ ಊಹಿಸಲಾರದ ಸಮಾಜ, ಬೇರೆಯವರು ಊಹಿಸಿಕೊಟ್ಟ ನಾಳೆಯಲ್ಲಿ ಬಾಡಿಗೆದಾರನಾಗಿ ಬದುಕಬೇಕಾಗುತ್ತದೆ.

ಕನ್ನಡದಲ್ಲಿ ಪದಗಳೇ ಇಲ್ಲ ಎಂಬ ನೆಪವನ್ನೂ ಕೈಬಿಡಬೇಕು. ಶಿವರಾಮ ಕಾರಂತರು 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಬರೆದದ್ದು ಕನ್ನಡದಲ್ಲೇ. ಕುಲುಮೆ, ಎರಕ, ಅದಿರು, ಕಿಟ್ಟ ಎಂಬ ಹಳೆಯ ಮಾತುಗಳೂ, ಫರ್ನೇಸು, ಶಿಫ್ಟು, ಸೈರನ್ ಎಂಬ ಹೊಸ ಮಾತುಗಳೂ ಭದ್ರಾವತಿಯ ಬೀದಿಯಲ್ಲಿ ಒಟ್ಟಿಗೆ ಬಾಳಿದವು. ಕತೆಗಾರನಿಗೆ ನಿಘಂಟಿಗಿಂತ ಹೆಚ್ಚಾಗಿ ಈ ಬೀದಿಯ ಕಿವಿ ಬೇಕು.

ಮಾಡಬಹುದಾದದ್ದು ಬೇಕಾದಷ್ಟಿದೆ, ಅದಕ್ಕೆ ಬೇಕಾದ ಸಂಸ್ಥೆಗಳೂ ಇಲ್ಲೇ ಇವೆ. 1930ರಿಂದ ಸಾಹಿತ್ಯ ಸೇವೆಯಲ್ಲಿರುವ ಶಿವಮೊಗ್ಗದ ಕರ್ನಾಟಕ ಸಂಘ ಪ್ರಕಾರವಾರು ಪುಸ್ತಕ ಬಹುಮಾನಗಳನ್ನು ನೀಡುತ್ತ ಬಂದಿದೆ. ವಿಜ್ಞಾನ ಕತೆಗೆಂದೇ ಒಂದು ಬಹುಮಾನ ಆ ವೇದಿಕೆಯಿಂದ ಬಂದರೆ ರಾಜ್ಯದ ಲೇಖಕರೆಲ್ಲ ಇತ್ತ ನೋಡುತ್ತಾರೆ. ಭದ್ರಾವತಿ ಆಕಾಶವಾಣಿ 1960ರ ದಶಕದಿಂದ ಮಲೆನಾಡಿನ ಮನೆಗಳನ್ನು ತಲುಪಿದೆ. ವಿಜ್ಞಾನ ಕತೆಗೆ ರೇಡಿಯೊ ನಾಟಕದಷ್ಟು ಒಗ್ಗುವ ಮಾಧ್ಯಮ ಇನ್ನೊಂದಿಲ್ಲವೆಂಬುದಕ್ಕೆ 1938ರಲ್ಲಿ ಆರ್ಸನ್ ವೆಲ್ಸ್ ಪ್ರಸಾರ ಮಾಡಿದ ಮಂಗಳವಾಸಿಗಳ ದಾಳಿಯ ನಾಟಕವೇ ಸಾಕ್ಷಿ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ವಿಭಾಗವೂ ವಿಜ್ಞಾನ ವಿಭಾಗಗಳೂ ಒಂದೇ ಆವರಣದಲ್ಲಿವೆ. ವರ್ಷಕ್ಕೊಂದು ಕಥಾ ಕಮ್ಮಟದಲ್ಲಿ ಎರಡೂ ಕಡೆಯವರು ಒಂದೇ ಮೇಜಿನ ಸುತ್ತ ಕೂರಬಹುದು. ಭೂವಿಜ್ಞಾನ ಕಲಿಸುತ್ತ ಕವಿತೆ ಬರೆದ ಕೆ.ಎಸ್. ನಿಸಾರ್ ಅಹಮದ್ ಇದೇ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿದ್ದವರೆಂಬುದನ್ನು ನೆನೆಯಬೇಕು. ಸಾಗರ ತಾಲ್ಲೂಕಿನ ಹೆಗ್ಗೋಡಿನಂಥ ಹಳ್ಳಿಯಿಂದ ಅಕ್ಷರ ಪ್ರಕಾಶನ ನಾಡಿನ ಗಂಭೀರ ಓದುಗರನ್ನು ತಲುಪಿತು, ನೀನಾಸಂ ತಿರುಗಾಟ 1985ರಿಂದ ಊರೂರಿಗೆ ನಾಟಕ ಒಯ್ದಿತು. ಪುಸ್ತಕವನ್ನು ಓದುಗನ ಬಳಿಗೆ ಒಯ್ಯುವ ವಿದ್ಯೆಯನ್ನು ಈ ಜಿಲ್ಲೆಗೆ ಹೊರಗಿನವರು ಕಲಿಸಬೇಕಾಗಿಲ್ಲ.

ಲೇಖಕರ ಪಾಲಿನ ಕೆಲಸವೂ ಉಂಟು. ಬಿಡುಗಡೆ ಸಮಾರಂಭದ ಹಾರ, ಶಾಲುಗಳಲ್ಲಿ ಪ್ರಚಾರ ಮುಗಿಯಿತೆಂದುಕೊಳ್ಳುವ ಅಭ್ಯಾಸ ಬಿಟ್ಟು ನಾವು ಶಾಲೆಗಳಿಗೆ ಹೋಗಬೇಕು. ಭದ್ರಾವತಿಯ ಒಂದು ಪ್ರೌಢಶಾಲೆಯಲ್ಲಿ ನಾನು ಮಕ್ಕಳಿಗೆ 'ಇಸವಿ 2123ರ ನಮ್ಮೂರು' ಎಂಬ ಕತೆ ಬರೆಯಲು ಹೇಳಿದ್ದೆ. ಹೆಚ್ಚಿನವರು ಹಾರುವ ಕಾರು, ಯಂತ್ರ ಮೇಷ್ಟರುಗಳನ್ನು ಬರೆದರು. ಕಾರ್ಮಿಕರ ಮನೆಯ ಹುಡುಗಿಯೊಬ್ಬಳ ಕತೆಯಲ್ಲಿ ಕಾರ್ಖಾನೆ ಮತ್ತೆ ಶುರುವಾಗಬೇಕು. ಆದರೆ ಅಷ್ಟು ವರ್ಷ ಹೊಗೆಯಿಲ್ಲದ ಚಿಮಣಿಯಲ್ಲಿ ಹಕ್ಕಿಗಳು ಗೂಡು ಕಟ್ಟಿವೆ. ಹಕ್ಕಿಯ ಭಾಷೆ ಬಲ್ಲ ಯಂತ್ರವೊಂದನ್ನು ತಂದು ಊರಿನವರು ಅವುಗಳೊಡನೆ ಮಾತುಕತೆಗೆ ಕೂರುತ್ತಾರೆ. ಉದ್ಯೋಗ ಬೇಕು, ಕಾಡೂ ಬೇಕು ಎಂಬ ಮಲೆನಾಡಿನ ನೂರು ವರ್ಷದ ಜಗಳವನ್ನು ಆ ಹುಡುಗಿ ಎರಡು ಪುಟಗಳಲ್ಲಿ, ಅಚ್ಚಗನ್ನಡದಲ್ಲಿ ಬರೆದಿಟ್ಟಿದ್ದಳು. ಕೊನೆಗೆ ಹಕ್ಕಿಗಳು ಏನೆಂದವು ಎಂದು ಕೇಳಿದರೆ, ಪುಟ ಮುಗಿದುಹೋಯಿತು ಎಂದಳು.

ಅವಳಿಗೆ ಇನ್ನಷ್ಟು ಪುಟಗಳನ್ನು ಒದಗಿಸುವುದು, ಅವಳು ಬರೆದದ್ದನ್ನು ಇಡಲು ಅಂಗಡಿಯಲ್ಲಿ ಒಂದು ಕಪಾಟು ತೆರೆಯುವುದು, ಅದನ್ನು ಓದಲು ಪಕ್ಕದ ಊರಿನ ಹುಡುಗನಿಗೆ ಹುಮ್ಮಸ್ಸು ಹುಟ್ಟಿಸುವುದು - ಕನ್ನಡ ಸಾಹಿತ್ಯ ಲೋಕ ಈ ಪ್ರಕಾರಕ್ಕಾಗಿ ಮಾಡಬೇಕಾದದ್ದು ಇಷ್ಟೇ. ಇದು ಆಗದಿದ್ದರೆ ಮುಂದೊಂದು ದಿನ ಅವಳು ಅದೇ ಕತೆಯನ್ನು ಇಂಗ್ಲಿಷಿನಲ್ಲಿ ಬರೆದಾಳು, ಅಥವಾ ಬರೆಯುವುದನ್ನೇ ಬಿಟ್ಟಾಳು. ಎರಡರಲ್ಲಿ ಯಾವುದಾದರೂ ನಷ್ಟ ಕನ್ನಡಕ್ಕೆ.