ವೀಸಾ ವೆಚ್ಚದ ಋಣಭಾರ

ಮಂಗಳೂರು, ಉಡುಪಿ, ಭಟ್ಕಳಗಳ ಕಡೆಯಿಂದ ಜೀವನೋಪಾಯವನ್ನರಸಿ ದುಬೈ, ಶಾರ್ಜಾಗಳಿಗೆ ತೆರಳುವವರು ಕರಾರುಪತ್ರಕ್ಕೆ ರುಜು ಹಾಕುವಾಗ ಸಂಬಳದ ಅಂಕಿಯನ್ನು ಎರಡೆರಡು ಸಲ ಓದುತ್ತಾರಾದರೂ, ಕೆಲಸ ಹೋದ ದಿನ ತಮ್ಮೆದುರಿಗೆ ಬರುವ ಫೈನಲ್ ಸೆಟಲ್‌ಮೆಂಟಿನ ಕಾಗದವನ್ನು ಕುರಿತು ಆಗ ಯೋಚಿಸಿರುವುದು ವಿರಳ. ಬಾಕಿ ಸಂಬಳ, ರಜೆಯ ಹಣ, ಗ್ರಾಚುಯಿಟಿ ಎಲ್ಲವನ್ನೂ ಕ್ರಮವಾಗಿ ಬರೆದ ಮೇಲೆ, ಕಡಿತಗಳ ಜಾಗದಲ್ಲಿ ಕೆಲವು ಸಂಸ್ಥೆಗಳು ವೀಸಾ ಖರ್ಚೆಂಬ ಒಂದು ಸಾಲನ್ನು ಸೇರಿಸಿಬಿಡುತ್ತವೆ. ಎಂಟ್ರಿ ಪರ್ಮಿಟ್, ಮೆಡಿಕಲ್, ಎಮಿರೇಟ್ಸ್ ಐಡಿ, ಲೇಬರ್ ಕಾರ್ಡ್ ಇವುಗಳಿಗೆ ತಾವು ತೆತ್ತ ಹಣವನ್ನು ಕೆಲಸ ಕಳೆದುಕೊಂಡವನೇ ತುಂಬಿಕೊಡತಕ್ಕದ್ದೆಂಬುದು ಅದರ ಅಭಿಪ್ರಾಯ.

ತಿಂಗಳಿಗೆ 2,000 ದಿರ್ಹಮ್ ಮೂಲವೇತನದ ಮೇಲೆ ಮೂರು ವರ್ಷ ದುಡಿದ ಒಬ್ಬ ಕಾರ್ಮಿಕನ ಲೆಕ್ಕವನ್ನು ನೋಡೋಣ. ಮೊದಲ ಐದು ವರ್ಷಗಳಿಗೆ, ವರ್ಷವೊಂದಕ್ಕೆ 21 ದಿನಗಳ ಮೂಲವೇತನದಂತೆ, ಅವನಿಗೆ ಸಲ್ಲತಕ್ಕ ಗ್ರಾಚುಯಿಟಿ 4,200 ದಿರ್ಹಮ್. ವೀಸಾದ ಹೆಸರಿನಲ್ಲಿ 4,000 ಮುರಿದುಕೊಂಡರೆ ಉಳಿಯುವುದು 200. ಊರಿನಲ್ಲಿ ಮನೆಸಾಲದ ಕಂತು, ಮಕ್ಕಳ ಫೀಜು ಎಂದು ಆ ಹಣದ ಮೇಲೆ ಎಷ್ಟು ಕಣ್ಣುಗಳು ನೆಟ್ಟಿರುತ್ತವೆಂಬುದನ್ನು ಬಲ್ಲವರಿಗೆ ಈ ಕಡಿತ ಎಂಥ ಕ್ರೂರವಾದುದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಸಂಯುಕ್ತ ಅರಬ್ ಸಂಸ್ಥಾನದ 2021ರ 33ನೆಯ ಕಾರ್ಮಿಕ ಶಾಸನವು 2022ರ ಫೆಬ್ರವರಿ 2ರಿಂದ ಜಾರಿಯಲ್ಲಿದೆ. ನೇಮಕಾತಿಯ ವೆಚ್ಚವನ್ನು ಪ್ರತ್ಯಕ್ಷವಾಗಿಯಾಗಲಿ ಪರೋಕ್ಷವಾಗಿಯಾಗಲಿ ಕಾರ್ಮಿಕನಿಂದ ವಸೂಲು ಮಾಡಕೂಡದೆಂದು ಅದರ 6ನೆಯ ವಿಧಿ ಸ್ಪಷ್ಟವಾಗಿ ನಿಷೇಧಿಸಿದೆ. ಎರಡು ವರ್ಷದೊಳಗೆ ಬಿಟ್ಟರೆ ವೀಸಾ ಖರ್ಚು ಕೊಡುವೆನೆಂದು ಮೊದಲೇ ಬರೆಸಿಕೊಂಡ ಮುಚ್ಚಳಿಕೆಯು ಕಾರ್ಮಿಕನ ಕಣ್ಣಿಗೆ ಭಯಂಕರವಾಗಿ ಕಂಡರೂ, ಶಾಸನವು ಕೊಟ್ಟ ರಕ್ಷಣೆಯನ್ನು ಕಿತ್ತುಕೊಳ್ಳುವ ಕರಾರು ಅಲ್ಲಿ ಊರ್ಜಿತವಾಗುವಂಥದಲ್ಲ. ಇದು ನ್ಯಾಯವೂ ಹೌದು: ಹೋಟೆಲು ತೆರೆಯಲು ಕಟ್ಟಿದ ಲೈಸೆನ್ಸಿನ ಹಣವನ್ನು, ತಾನೇ ಕೆಲಸದಿಂದ ಬಿಡಿಸಿದ ಅಡುಗೆಯವನಿಂದ ಯಾವ ಮಾಲೀಕನೂ ಕೇಳುವುದಿಲ್ಲವಷ್ಟೆ.

ಗೊಂದಲಕ್ಕೆ ಆಸ್ಪದವಿರುವುದು ಪ್ರೊಬೇಷನ್ ಅವಧಿಯಲ್ಲಿ. ಆರು ತಿಂಗಳನ್ನು ಮೀರಲಾಗದ ಈ ಅವಧಿಯಲ್ಲಿ ಕಾರ್ಮಿಕನು ತಾನಾಗಿಯೇ ಬಿಟ್ಟು ಅದೇ ದೇಶದ ಬೇರೆ ಕಂಪನಿಗೆ ಸೇರಬಯಸಿದರೆ ಒಂದು ತಿಂಗಳ ನೋಟೀಸು ಕೊಡಬೇಕು. ಹಳೆಯ ಮಾಲೀಕನಿಗೆ ನೇಮಕಾತಿಯ ವೆಚ್ಚವನ್ನು ಭರಿಸಿಕೊಡುವ ಹೊಣೆಯಾದರೋ ಆಗಲೂ ಹೊಸ ಮಾಲೀಕನದು, ಕಾರ್ಮಿಕನದಲ್ಲ. ಮಾಲೀಕನೇ ಪ್ರೊಬೇಷನ್ನಿನಲ್ಲಿ ತೆಗೆಯುವುದಾದರೆ 14 ದಿನಗಳ ಲಿಖಿತ ನೋಟೀಸು ಕೊಡತಕ್ಕದ್ದು. ನೋಟೀಸು ಕೊಡದೆ ಹೊರಟವನು ಆ ದಿನಗಳ ಸಂಬಳವನ್ನು ತೆರಬೇಕಾಗುವುದು ನಿಜ. ಆದರೆ ಅದು ನೋಟೀಸಿನ ಬಾಕಿಯೇ ಹೊರತು ವೀಸಾದ ಸಾಲವಲ್ಲ, ಒಂದನ್ನು ತೋರಿಸಿ ಮತ್ತೊಂದನ್ನು ಕಸಿಯಲು ಬಿಡಬಾರದು.

ಬೆಂಗಳೂರಿನಿಂದ ಅಮೆರಿಕಕ್ಕೆ ಹೋದ ಎಚ್-1ಬಿ ನೌಕರರಿಗೂ ಇಂಥದೇ ರಕ್ಷಣೆಯುಂಟು. ಅರ್ಜಿಶುಲ್ಕವೂ ಅದರ ವಕೀಲರ ಸಂಭಾವನೆಯೂ ಮಾಲೀಕನ ವ್ಯವಹಾರದ ಖರ್ಚು. ಅವಧಿಗೆ ಮೊದಲೇ ಅವನು ಕೆಲಸದಿಂದ ತೆಗೆದರೆ ಸ್ವದೇಶಕ್ಕೆ ಮರಳುವ ಪ್ರಯಾಣದ ಯುಕ್ತ ವೆಚ್ಚವನ್ನೂ ಅವನೇ ಕೊಡಬೇಕು.

ಕೊಲ್ಲಿಯಲ್ಲಿ ನಿಜವಾದ ಅಪಾಯವಿರುವುದು ವೀಸಾ ಕ್ಯಾನ್ಸಲೇಶನ್ನಿನ ಕಾಗದದಲ್ಲಿ. ಬರತಕ್ಕದ್ದೆಲ್ಲವೂ ಬಂದಿತೆಂಬ ಒಕ್ಕಣೆಯ ಕೆಳಗೆ, ಹಣ ಕೈಸೇರುವ ಮೊದಲೇ ರುಜು ಹಾಕಿಸಿಕೊಳ್ಳುವ ಮಾಲೀಕರುಂಟು. ವಿಮಾನದ ಟಿಕೆಟಿನ ಆತುರದಲ್ಲಿ, ಕಫೀಲನ, ಎಂದರೆ ವೀಸಾದ ಪ್ರಾಯೋಜಕನ, ಮುನಿಸಿನ ಭಯದಲ್ಲಿ, ಓದದೆಯೇ ರುಜು ಹಾಕುವವರೂ ಉಂಟು. ಕರಾರು ಮುಗಿದ 14 ದಿನಗಳೊಳಗೆ ಬಾಕಿಯನ್ನೆಲ್ಲ ಚುಕ್ತಾ ಮಾಡಬೇಕೆಂದು ಶಾಸನವೇ ಹೇಳುವುದರಿಂದ, ಹಣ ಬಂದ ಮೇಲೆ ರುಜು ಎಂದು ಹಟ ಹಿಡಿಯುವುದು ಉದ್ಧಟತನವಲ್ಲ. ಆಫರ್ ಲೆಟರು, ಸಂಬಳದ ಬ್ಯಾಂಕ್ ವಿವರ, ಕಡಿತದ ಸಾಲಿರುವ ಆ ಲೆಕ್ಕದ ಪ್ರತಿ, ಇಷ್ಟನ್ನು ಜೋಪಾನವಾಗಿಟ್ಟುಕೊಂಡು ಅಲ್ಲಿಯ ಮಾನವ ಸಂಪನ್ಮೂಲ ಸಚಿವಾಲಯಕ್ಕೆ ದೂರು ಸಲ್ಲಿಸಬಹುದು. 2024ರ ಜನವರಿಯಿಂದ 50,000 ದಿರ್ಹಮ್‌ವರೆಗಿನ ವ್ಯಾಜ್ಯಗಳನ್ನು ತಾನೇ ತೀರ್ಮಾನಿಸುವ ಅಧಿಕಾರ ಆ ಸಚಿವಾಲಯಕ್ಕಿದ್ದು, ಸಾಮಾನ್ಯ ಕಾರ್ಮಿಕನ ವೀಸಾ ಕಡಿತದ ತಕರಾರು ಆ ಮಿತಿಯ ಒಳಗೇ ಬರುತ್ತದೆ.